ಗಂಟಲ ಗಡ್ಡೆ ತೆಗೆಸಿದ ಬೇಸಿಗೆ

ಮದುವೆಯಾಗಿ ಎರಡು ವರ್ಷ ಕಳೆದಿದ್ದರೂ ನನ್ನ ಹೆಂಡತಿಯ ಧ್ವನಿ ಹೇಗಿದೆ ಎಂದು ಯಾರಾದರೂ ಕೇಳಿದ್ದರೆ ನಾನು ತಡವರಿಸಬೇಕಾಗುತ್ತಿತ್ತು. ಈಗಿನ ಹುಡುಗರಿಗೆ ಇದನ್ನು ಹೇಳಿದರೆ ನಗುತ್ತಾರೆ, ನಗಲಿ. ಬೆಟಗೇರಿಯ ನಮ್ಮ ಮನೆಯಲ್ಲಿ ಸೊಸೆಯಾದವಳು ಹಿರಿಯರ ಎದುರಿಗೆ ಗಂಡನ ಜೊತೆ ಮಾತಾಡುವ ಪದ್ಧತಿ ಇರಲಿಲ್ಲ. ಮಾವನ ಜೊತೆಗಂತೂ ಕೇಳಲೇಬೇಡಿ. ಮನೆಯೋ, ಮುಂದೆ ಕಿರಾಣಿ ಅಂಗಡಿ, ಅದರ ಬೆನ್ನಿಗೆ ಪಡಸಾಲೆ, ಆಮೇಲೆ ಅಡುಗೆಮನೆ, ಹಿತ್ತಲು. ಅಂಗಡಿಯ ಗಾದಿಯ ಮೇಲೆ ಕೂತ ಅಪ್ಪನಿಗೆ ಹಿತ್ತಲ ಬಾವಿಯ ಗಡಗಡೆ ತಿರುಗಿದ್ದೂ ಕೇಳಿಸುತ್ತಿತ್ತು. ನಮ್ಮಿಬ್ಬರಿಗೆ ಅಂತ ಇದ್ದದ್ದು ಬೆಲ್ಲದ ಪೆಂಟೆ, ಶೇಂಗಾದ ಚೀಲ ಪೇರಿಸಿಟ್ಟ ಒಂದು ಕೋಣೆ. ಅದರ ಬಾಗಿಲ ಹೊರಗೇ ಅವ್ವ ಮಲಗುತ್ತಿದ್ದಳು. ಹೀಗಾಗಿ ಅಲ್ಲಿ ಆಡಿದ್ದೆಲ್ಲ ಪಿಸುಮಾತು. ಪಿಸುಮಾತಿನಲ್ಲಿ ಎಲ್ಲರ ಧ್ವನಿಯೂ ಒಂದೇ.

ಅವ್ವನ ಕಥೆಯೂ ಬೇರೆಯಲ್ಲ. ಅಜ್ಜಿ ತೀರಿಹೋಗಿ ವರ್ಷಗಳಾಗಿದ್ದರೂ ಅವ್ವ ಅಪ್ಪನಿಗೆ ನೇರವಾಗಿ ಏನನ್ನೂ ಹೇಳುತ್ತಿರಲಿಲ್ಲ. ಅಪ್ಪ ಎರಡು ಮಾರು ದೂರದಲ್ಲಿ ಕೂತಿರುವಾಗಲೇ ನನ್ನ ಕಡೆ ತಿರುಗಿ, "ನಿಮ್ಮಪ್ಪಗ ಹೇಳು, ರೊಟ್ಟಿ ಆರಾಕ ಹತ್ಯಾವು ಅಂತ" ಎನ್ನುತ್ತಿದ್ದಳು. ಅಪ್ಪನೂ ನನ್ನ ಮುಖವನ್ನೇ ನೋಡಿ, "ನಿಮ್ಮವ್ವಗ ಹೇಳು, ಬಂದೆ ಅಂತ" ಎನ್ನುತ್ತಿದ್ದ. ನಾನು ಯಾರಿಗೂ ಏನನ್ನೂ ಹೇಳಬೇಕಾಗಿರಲಿಲ್ಲ, ಇಬ್ಬರಿಗೂ ಕೇಳಿಸಿರುತ್ತಿತ್ತು. ಆದರೆ ನಾನು ಅಲ್ಲಿ ಇರಬೇಕಿತ್ತು. ನಾನಿಲ್ಲದಾಗ ಅವ್ವ ಬೆಕ್ಕಿಗೆ ಹೇಳುತ್ತಾಳೆ ಎಂದು ಶಿರಹಟ್ಟಿಗೆ ಕೊಟ್ಟ ನಮ್ಮ ಅಕ್ಕ ತಮಾಷೆ ಮಾಡುತ್ತಿದ್ದಳು.

ಇಂಥ ಮನೆಯಲ್ಲಿ ಹುಟ್ಟಿದ ನಾನು ಮಾತ್ರ ಮಹಾ ವಾಚಾಳಿ. ಒಂದು ಅಚ್ಚೇರು ಕಡಲೆಬೇಳೆ ಕಟ್ಟಿಕೊಡುವುದರೊಳಗೆ ಗಿರಾಕಿಗೆ ಮೂರು ಸುದ್ದಿ ಹೇಳಿ, ಅವನ ಮನೆಯ ನಾಲ್ಕು ಸುದ್ದಿ ತೆಗೆಸುತ್ತಿದ್ದೆ. ಸಂಜೆ ಅಂಗಡಿಯ ಕಟ್ಟೆಯ ಮೇಲೆ ನೇಕಾರರು, ಹಮಾಲರು, ಹತ್ತಿ ಗಿರಣಿಯ ಮಂದಿ ಸೇರುತ್ತಿದ್ದರು. ಅವರಿಗೆ ಪೇಪರ್ ಓದಿ ಹೇಳುವವನು ನಾನೇ. ಅಪ್ಪನಿಗೆ ಲೆಕ್ಕ ಬರೆಯುವ ಮೋಡಿ ಅಕ್ಷರ ನೀರು ಕುಡಿದಷ್ಟು ಸಲೀಸು, ಕನ್ನಡದ ಅಚ್ಚಿನ ಅಕ್ಷರ ಮಾತ್ರ ಕೂಡಿಸಿ ಕೂಡಿಸಿ ಓದಬೇಕು. ನಾವಾಗ ಮುಂಬಯಿ ರಾಜ್ಯದವರು. ಕನ್ನಡ ಮಾತಾಡುವ ಊರುಗಳೆಲ್ಲ ಒಂದಾಗುತ್ತವಂತೆ, ಇಂದು ಆಗುತ್ತದೆ, ನಾಳೆ ಆಗುತ್ತದೆ ಎಂದು ಎಲ್ಲರ ಕಿವಿಯೂ ದಿಲ್ಲಿಯ ಕಡೆಗಿತ್ತು. ನಾನು ಓದುವುದೆಂದರೆ ಬರೀ ಓದಲ್ಲ. ದಿಲ್ಲಿಯವರು ಒಂದು ಮಾತು ಹೇಳಿದರೆ ಅದಕ್ಕೆ ನನ್ನದೊಂದು ಉತ್ತರ ಸೇರಿಸಿ, ಕೈ ಬೀಸಿ, ಕಟ್ಟೆಯವರಿಂದ ಹೌದು ಅನ್ನಿಸಿಕೊಂಡೇ ಮುಂದಿನ ಸಾಲಿಗೆ ಹೋಗುತ್ತಿದ್ದೆ.

ಅಂಥವನ ಗಂಟಲಿಗೇ ರೋಗ ಬಂತು. ಮೊದಲ ಮಳೆ ಬಿದ್ದರೆ ಗಂಟಲು ಬಾತುಕೊಳ್ಳುತ್ತಿತ್ತು, ಚಳಿ ಬಿದ್ದರೆ ಬಾತುಕೊಳ್ಳುತ್ತಿತ್ತು, ಹುಣಸೆಹಣ್ಣಿನ ಚೀಲ ಬಿಚ್ಚಿದರೂ ಬಾತುಕೊಳ್ಳುತ್ತಿತ್ತು. ಕಿರುನಾಲಿಗೆ ಬಿದ್ದಿದೆ ಎಂದು ಕುರ್ತಕೋಟಿಯ ಒಬ್ಬ ಅಜ್ಜಿಯ ಹತ್ತಿರ ಕರೆದುಕೊಂಡು ಹೋದರು. ಆಕೆ ಹೆಬ್ಬೆರಳಿಗೆ ಉಪ್ಪು, ಮೆಣಸಿನ ಪುಡಿ ಹಚ್ಚಿಕೊಂಡು ಗಂಟಲಿಗೆ ಕೈಹಾಕಿ ಎತ್ತಿದಳು. ಕಿರುನಾಲಿಗೆ ಎದ್ದಿತೋ ಇಲ್ಲವೋ, ನಾನಂತೂ ಕೂತಲ್ಲಿಂದ ಎದ್ದು ಓಡಿದೆ. ಮುಂಡರಗಿಯಲ್ಲಿದ್ದ ಸೋದರತ್ತೆ ಬಂದಾಗಲೆಲ್ಲ ನೆತ್ತಿಯ ನಾಲ್ಕು ಕೂದಲು ಹಿಡಿದು ಟಕ್ಕೆಂದು ಜಗ್ಗುತ್ತಿದ್ದಳು. ಅದರಿಂದ ಗಂಟಲು ನೆಟ್ಟಗಾಗುತ್ತದೆಂದು ಅವಳ ನಂಬಿಕೆ. ನನ್ನ ನೆತ್ತಿ ಇವತ್ತು ಬೋಳಾಗಿರುವುದಕ್ಕೆ ಅವಳೇ ಕಾರಣವೆಂದು ನಾನು ಈಗಲೂ ಹೇಳುತ್ತೇನೆ.

ಕೊನೆಗೆ ಒಂದು ಸಲ ಜ್ವರ ಏರಿ ಉಗುಳು ನುಂಗಲೂ ಆಗದಿದ್ದಾಗ ಅಪ್ಪ ದವಾಖಾನೆಗೆ ಕರೆದುಕೊಂಡು ಹೋದ. ಡಾಕ್ಟರರು ವಯಸ್ಸಾದವರು, ಧಾರವಾಡದ ಕಡೆಯವರು. ಚಮಚದಿಂದ ನನ್ನ ನಾಲಿಗೆ ಒತ್ತಿ ಹಿಡಿದು ಬಹಳ ಹೊತ್ತು ನೋಡಿದರು.

"ಟಾನ್ಸಿಲ್ ಗಡ್ಡಿ ಕೊಳತಾವ. ತಗೀಬೇಕು" ಎಂದರು.

"ಇಷ್ಟು ದೊಡ್ಡಾಂವಗ? ಅದು ಸಣ್ಣ ಹುಡುಗರಿಗೆ ಮಾಡೂದಲ್ಲರಿ?" ಎಂದ ಅಪ್ಪ.

"ಸಣ್ಣವರಿದ್ದಾಗ ತರಬೇಕಿತ್ತು. ಈಗ ತಂದೀರಿ. ಈಗ ತಗೀತೀನಿ. ಇವರಿಗೆ ಹುಡುಗರಿಗಿಂತ ನೋವು ಜಾಸ್ತಿ, ಮಾಯೂದೂ ತಡಾ. ತಯಾರಾಗಿ ಬರ್ರಿ."

ತಯಾರಿಯೂ ಸಣ್ಣದಲ್ಲ. ಜ್ವರ ಪೂರಾ ಬಿಟ್ಟು ಕೆಲವು ವಾರ ಆಗಬೇಕು, ಅಲ್ಲಿಯವರೆಗೆ ಹುಳಿ, ಖಾರ, ಎಣ್ಣೆಯಲ್ಲಿ ಕರಿದದ್ದು ಬಂದ್. ಗದಗ-ಬೆಟಗೇರಿಯಲ್ಲಿ ಹುಟ್ಟಿದವನಿಗೆ ಮಿರ್ಚಿ ಭಜಿ ಬಿಡು ಅನ್ನುವುದೆಂದರೆ ಊರು ಬಿಡು ಅಂದಂತೆ. ಎಲೆಯಡಿಕೆ ಬಿಟ್ಟೆ, ತಂಬಾಕು ಬಿಟ್ಟೆ. ಹುಳುಕು ಹಲ್ಲೊಂದನ್ನು ಮೊದಲೇ ಕೀಳಿಸಿದರು. ರಕ್ತ ಎಷ್ಟು ಹೊತ್ತಿಗೆ ಹೆಪ್ಪುಗಟ್ಟುತ್ತದೆ ನೋಡಬೇಕೆಂದು ಕಿವಿಯ ಹಾಲೆಗೆ ಸೂಜಿ ಚುಚ್ಚಿ, ಶಾಯಿ ಹೀರುವ ಕಾಗದದ ತುಂಡನ್ನು ಮತ್ತೆ ಮತ್ತೆ ಒತ್ತಿದರು. ಗಂಟಲಿನ ರೋಗಕ್ಕೆ ಕಿವಿ ಚುಚ್ಚಿದ್ದನ್ನು ಅವ್ವ ಕಡೆಯವರೆಗೂ ಒಪ್ಪಲಿಲ್ಲ. ಡಾಕ್ಟರರು ಇನ್ನೊಂದು ಮಾತು ಹೇಳಿದ್ದರು. ಗಡ್ಡೆ ತೆಗೆದ ಮೇಲೆ ತಾವು ಹೇಳುವ ತನಕ ಒಂದು ಮಾತೂ ಆಡಕೂಡದು. ಪಿಸುಗುಟ್ಟುವುದಂತೂ ಇನ್ನೂ ಕೆಟ್ಟದ್ದು. ಬೇಕಾದ್ದನ್ನು ಪಾಟಿಯ ಮೇಲೆ ಬರೆದು ತೋರಿಸಬೇಕು.

ಇದನ್ನು ಕೇಳಿ ಕಟ್ಟೆಯವರಿಗೆ ಆದ ಸಂತೋಷ ಹೇಳತೀರದು. "ಗಡ್ಡಿ ತಗದ್ರ ಮಾತು ನಿಲ್ಲತಾವ ಅಂದ್ರ ನಾವ ವಂತಿಗಿ ಹಾಕಿ ತಗಸ್ತಿದ್ವಿ" ಎಂದ ಒಬ್ಬ ಹಮಾಲ. ನಾನೂ ನಕ್ಕೆ. ಒಳಗೊಳಗೆ ಮಾತ್ರ ಹೆದರಿದ್ದೆ. ಎದ್ದು ಬಂದ ಮೇಲೆ ಧ್ವನಿಯೇ ಬರದಿದ್ದರೆ ಏನು ಮಾಡುವುದು ಎಂಬ ಭಯ ಇತ್ತು. ಗಡ್ಡೆ ತೆಗೆಸುವ ಹಿಂದಿನ ರಾತ್ರಿ ಕೋಣೆಯಲ್ಲಿ ಅದನ್ನೇ ಹೆಂಡತಿಗೆ ಹೇಳಿದೆ. ಅವಳು ನನ್ನ ಕೈ ತೆಗೆದುಕೊಂಡು ತನ್ನ ಎರಡೂ ಕೈಯಲ್ಲಿ ಇಟ್ಟುಕೊಂಡಳು.

ಶಿವರಾತ್ರಿ ಕಳೆದು ಬಿಸಿಲು ಚುರುಗುಟ್ಟಲು ಹತ್ತಿದ ದಿನಗಳು. ಬೆಳಗ್ಗೆ ಹನಿ ನೀರೂ ಕುಡಿಯದೆ ಅಪ್ಪನ ಜೊತೆ ದವಾಖಾನೆಗೆ ಹೋದೆ. ದೊಡ್ಡವರಿಗೆ ಪೂರ್ತಿ ಎಚ್ಚರ ತಪ್ಪಿಸುವುದಿಲ್ಲ ಎಂದು ಕುರ್ಚಿಯ ಮೇಲೆ ಕೂರಿಸಿದರು. ಕೊರಳಿಗೆ ಬಿಳಿ ಬಟ್ಟೆ ಕಟ್ಟಿದರು, ನರ್ಸಮ್ಮ ಹಿಂದೆ ನಿಂತು ತಲೆಯನ್ನು ತನ್ನ ಎದೆಗೆ ಒತ್ತಿ ಹಿಡಿದಳು. ಡಾಕ್ಟರರ ಹಣೆಯ ಮೇಲಿದ್ದ ಕನ್ನಡಿಯ ಬೆಳಕು ನನ್ನ ಬಾಯಿಯೊಳಗೆ ಬಿತ್ತು. ಚುಚ್ಚಿದ್ದು ಗೊತ್ತಾಯಿತು, ಆಮೇಲೆ ಗಂಟಲು ನನ್ನದಲ್ಲವೆನ್ನಿಸಿತು. ನೋವಿಗಿಂತ ಕೆಟ್ಟದ್ದು ಆ ಸದ್ದು. ಕತ್ತರಿಸುವ ಸದ್ದು ಕಿವಿಗೆ ಹೊರಗಿನಿಂದಲ್ಲ, ಒಳಗಿನಿಂದ ಬರುತ್ತಿತ್ತು. ಎಲ್ಲ ಮುಗಿದ ಮೇಲೆ ಡಾಕ್ಟರರು ಬೋಗುಣಿಯಲ್ಲಿ ಬಿದ್ದಿದ್ದ ಎರಡು ಗಡ್ಡೆ ತೋರಿಸಿದರು. ಬಾರಿಹಣ್ಣಿನಷ್ಟಿದ್ದವು. ಇಷ್ಟಕ್ಕೇ ಇಷ್ಟು ವರ್ಷ ಒದ್ದಾಡಿದೆನೇ ಎಂದು ಸಿಟ್ಟೇ ಬಂತು.

ಹೊರಗೆ ಬಂದಾಗ ಅಪ್ಪ ಮರದ ಬಾಂಕಿನ ಮೇಲೆ ಕೂತಿದ್ದ. ತಲೆಯ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡಿದ್ದ. ದೇವರ ಗುಡಿಯಲ್ಲಿ ಬಿಟ್ಟರೆ ಬೇರೆಲ್ಲೂ ಅವನು ರುಮಾಲು ತೆಗೆದದ್ದನ್ನು ನಾನು ನೋಡಿರಲಿಲ್ಲ. ನನ್ನನ್ನು ನೋಡಿ, "ಏನಾತು? ಭಾಳ ನೋವಾತೇನು?" ಎಂದ. ನಾನು ಬಾಯಿ ತೆರೆಯಲು ಹೋದೆ. ನರ್ಸಮ್ಮ ಗದರಿದಳು. ಅಪ್ಪ ತನ್ನದೇ ತಪ್ಪೆಂಬಂತೆ ತಲೆ ತಗ್ಗಿಸಿ ರುಮಾಲು ಸುತ್ತಿಕೊಂಡ.

ಮನೆಗೆ ಬಂದ ಮೇಲಿನ ದಿನಗಳನ್ನು ಯಾರಿಗೂ ಬಯಸಲಾರೆ. ಉಗುಳು ನುಂಗಿದರೆ ಕಿವಿಯೊಳಗೆ ಕಾದ ತಂತಿ ಹೊಕ್ಕಂತಾಗುತ್ತಿತ್ತು. ಗಂಟಲಲ್ಲಿ ಬಿಳಿ ಪೊರೆ ಕಟ್ಟಿತು. ಬಾಯಿಯ ವಾಸನೆಗೆ ನನಗೇ ಹೇಸಿಗೆ. ಕುಡಿದ ಹಾಲು ಒಮ್ಮೊಮ್ಮೆ ಮೂಗಿನಿಂದ ಬರುತ್ತಿತ್ತು. ಗದಗಿನ ಸೋಡಾ ಅಂಗಡಿಯಿಂದ ಕಟ್ಟಿಗೆಯ ಹೊಟ್ಟಿನಲ್ಲಿ ಹುದುಗಿಸಿ, ಗೋಣಿತಾಟು ಸುತ್ತಿ ಬರ್ಫದ ತುಂಡು ತರಿಸುತ್ತಿದ್ದರು. ಅದನ್ನು ಹೆಂಡತಿ ಕಲ್ಲಿನಲ್ಲಿ ಜಜ್ಜಿ ಹಾಲಿಗೆ ಹಾಕಿ ಕೊಡುತ್ತಿದ್ದಳು. ಹಸಿ ಗಾಯಕ್ಕೆ ತಂಪು ಕೊಟ್ಟರೆ ನಂಜಾಗುತ್ತದೆಂದು ಅವ್ವ ಗೊಣಗುತ್ತಲೇ ಇದ್ದಳು. ಶಿರಹಟ್ಟಿಯ ಅಕ್ಕನಂತೂ ತಮ್ಮ ಹಸಿದಿದ್ದಾನೆಂದು ಒಂದು ಬುಟ್ಟಿ ಕಟಕ್ ರೊಟ್ಟಿ, ಶೇಂಗಾ ಚಟ್ನಿ ಹೊತ್ತುಕೊಂಡು ಬಂದಳು. ಪ್ರೀತಿಗೆ ಬುದ್ಧಿ ಇರುವುದಿಲ್ಲ. ಅವಳು ನನ್ನೆದುರೇ ಕೂತು ಆ ರೊಟ್ಟಿ ಮುರಿದು ತಿಂದ ಸದ್ದು ಇನ್ನೂ ಕಿವಿಯಲ್ಲಿದೆ.

ಎಲ್ಲಕ್ಕಿಂತ ದೊಡ್ಡ ಪೇಚು ಪಾಟಿಯದು. ನಾನು ಬರೆಯುತ್ತಿದ್ದೆ. ಅವ್ವನಿಗೆ ಓದು ಬರದು. ಅಪ್ಪ ಪಾಟಿಯನ್ನು ದೂರ ಹಿಡಿದು, ಹತ್ತಿರ ಹಿಡಿದು, ಅಕ್ಷರ ಕೂಡಿಸುವುದರೊಳಗೆ ನನಗೆ ಬೇಕಾದದ್ದು ಬೇಡವಾಗುತ್ತಿತ್ತು. ಮನೆಯಲ್ಲಿ ಸರಾಗವಾಗಿ ಓದಬಲ್ಲವಳು ಒಬ್ಬಳೇ, ನನ್ನ ಹೆಂಡತಿ. ಶಿಗ್ಲಿಯ ಹುಡುಗಿ, ಲಕ್ಷ್ಮೇಶ್ವರದಲ್ಲಿ ಚಿಕ್ಕಪ್ಪನ ಮನೆಯಲ್ಲಿದ್ದು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸು ಮಾಡಿದವಳು. ಒಂದು ಮಧ್ಯಾಹ್ನ ನಾನು ಪಾಟಿಯ ಮೇಲೆ ಏನೋ ಗೀಚಿ ಅಪ್ಪನಿಗೆ ತೋರಿಸಿದೆ. ಅಪ್ಪ ಕಣ್ಣು ಕಿರಿದು ಮಾಡಿ ನೋಡಿದ. ಸಾಕಾಯಿತೇನೋ, ಪಾಟಿಯನ್ನು ಅಡುಗೆಮನೆಯ ಹೊಸ್ತಿಲ ಕಡೆ ಸರಿಸಿ, ಗೋಡೆಯನ್ನು ನೋಡುತ್ತ, "ಯಾರರೆ ಓದ್ರಿ" ಎಂದ.

 ಆಮೇಲೆ ಹೊಸ್ತಿಲ ಒಳಗಿನಿಂದ ಬಳೆ ತೊಟ್ಟ ಕೈಯೊಂದು ಬಂದು ಪಾಟಿ ತೆಗೆದುಕೊಂಡಿತು.

"ಎಣ್ಣಿ ಡಬ್ಬಿ ಮುಚ್ಚಳ ಹಾಕ್ಯಾರೇನು, ಇಲಿ ಬೀಳತಾವ, ಅಂತ ಕೇಳ್ಯಾರರಿ" ಎಂದಿತು ಒಂದು ಧ್ವನಿ.

ದಪ್ಪ ಧ್ವನಿ. ಗಟ್ಟಿಮುಟ್ಟಾದ, ಒಂದು ಅಕ್ಷರವೂ ಜಾರದ ಧ್ವನಿ. ಎರಡು ವರ್ಷ ನಾನು ಅವಳದು ಸಣ್ಣ ಧ್ವನಿಯೆಂದು ತಿಳಿದಿದ್ದೆ. ಅವಳನ್ನು ಅಂದೇ ಮೊದಲು ಕಂಡಂತಾಯಿತು ನನಗೆ. ಮದುವೆಯ ದಿನ ಆಗಬೇಕಾದದ್ದು ಅದು, ಆ ಮಧ್ಯಾಹ್ನ ಆಯಿತು.

ಅಲ್ಲಿಂದ ಮುಂದೆ ಪಾಟಿ ಅವಳ ಕೈಗೇ ಹೋಗುತ್ತಿತ್ತು. ಮೊದಮೊದಲು ಬರೆದಷ್ಟೇ ಓದಿದಳು. ಆಮೇಲೆ ನಾನು ಎರಡು ಶಬ್ದ ಬರೆದರೆ ಅವಳು ಹತ್ತು ಹೇಳಲು ಹತ್ತಿದಳು. "ಹಾಲು ಬೇಡ" ಎಂದು ಬರೆದರೆ, "ಹಾಲು ಬ್ಯಾಡಂತ. ಮುಂಜಾನಿನೂ ಬ್ಯಾಡ ಅಂದಿದ್ರು. ಹಿಂಗಾದ್ರ ಗಾಯ ಹ್ಯಾಂಗ ಮಾಯತೈತಿ, ನೀವ ಒಂದು ಮಾತು ಹೇಳ್ರಿ ಮಾವ" ಎಂದು ಅಪ್ಪನಿಗೇ ದೂರು ಹೋಗುತ್ತಿತ್ತು. ನಾನು ಬರೆಯದ ಮಾತು ಅದು! ಅಪ್ಪ ಗೋಡೆಯನ್ನೇ ನೋಡುತ್ತ, "ಕುಡೀಲೇ" ಎಂದು ನನಗೆ ಗದರುತ್ತಿದ್ದ. ಅವ್ವನೂ ನನ್ನನ್ನು ಬಿಟ್ಟು ಅವಳನ್ನು ಹಿಡಿದಳು. "ನಿಮ್ಮ ಮಾವಗ ಹೇಳು" ಎಂದು ಶುರು ಮಾಡಿದಳು. ಅಡುಗೆಮನೆಯ ಹೊಸ್ತಿಲ ಒಳಗಿದ್ದವಳು ಹೊಸ್ತಿಲ ಮೇಲೆ ಬಂದಳು. ನನ್ನ ಮೈಕೈ ನೋಡಿಕೊಳ್ಳುವ ನೆಪದಲ್ಲಿ ಪಡಸಾಲೆಯ ಕಂಬದ ಹತ್ತಿರವೂ ಬಂದಳು.

ನಮ್ಮ ಕಡೆ ಯಾರಿಗಾದರೂ ಆರಾಮ ಇಲ್ಲವೆಂದರೆ ಊರಿಗೆ ಊರೇ ಬಂದು ಕೂಡುತ್ತದೆ. ರೋಗಿಯಾದವನು ಎಲ್ಲಿಂದ ಶುರುವಾಯಿತು, ಯಾರು ಏನೆಂದರು, ಎಲ್ಲಿ ಚುಚ್ಚಿದರು ಎಂದು ಮೊದಲಿನಿಂದ ಕಡೆಯವರೆಗೆ ಹೇಳಬೇಕು. ಹೇಳದಿದ್ದರೆ ಬಂದವರಿಗೆ ಅವಮಾನ. ನನ್ನ ಪರವಾಗಿ ಅದನ್ನೂ ಅವಳೇ ಹೇಳಿದಳು. ಅಸುಂಡಿಯಲ್ಲಿ ನಮ್ಮ ಹೊಲ ಮಾಡುವವರು ಬಂದಾಗ ಹೇಳಿದ್ದಕ್ಕಿಂತ ಓಣಿಯವರು ಬಂದಾಗ ಹೇಳಿದ್ದು ರುಚಿಯಾಗಿತ್ತು. ಕುರ್ತಕೋಟಿಯ ಅಜ್ಜಿಯ ಹೆಬ್ಬೆರಳು ಬಂದಲ್ಲಿ ತನ್ನ ಹೆಬ್ಬೆರಳು ಎತ್ತಿ ತೋರಿಸುತ್ತಿದ್ದಳು. ನಾನು ಓಡಿದ್ದನ್ನು ಎಷ್ಟು ಚೆಂದ ಹೇಳುತ್ತಿದ್ದಳೆಂದರೆ ನಗು ತಡೆಯಲು ನಾನು ಗಂಟಲು ಹಿಡಿದುಕೊಳ್ಳಬೇಕಾಗುತ್ತಿತ್ತು. ನಕ್ಕರೆ ಪ್ರಾಣ ಹೋದಂತೆ ನೋವು.

ಕಟ್ಟೆಯವರು ಮಾತ್ರ ಪೇಪರಿಲ್ಲದೆ ಚಡಪಡಿಸುತ್ತಿದ್ದರು. ನನ್ನ ಮಾತು ಬೇಡವೆಂದವರಿಗೇ ಸುದ್ದಿ ಬೇಕು. ಬಳ್ಳಾರಿ ಯಾವ ಕಡೆ ಹೋಯಿತು, ಹೊಸ ರಾಜ್ಯಕ್ಕೆ ಏನು ಹೆಸರು, ತಿಳಿಯಬೇಕು. ಒಂದು ಸಂಜೆ ಅಪ್ಪ ಪೇಪರನ್ನು ಅಂಗಡಿಯ ಒಳಬಾಗಿಲಿಗೆ ತಂದು ಇಟ್ಟು, "ಬಾಗ್ಲಾ ಮುಂದ ಮಾಡಿ ಓದವಾ. ಮಂದಿ ಕಾಯಾಕ ಹತ್ಯಾರ" ಎಂದ. ಮಾವ ಸೊಸೆಗೆ ನೇರವಾಗಿ ಹೇಳಿದ ಮೊದಲ ಮಾತು ಅದು. ಅವಳು ಅರೆಮುಚ್ಚಿದ ಬಾಗಿಲ ಹಿಂದೆ ನಿಂತು ಓದಿದಳು. ನಾನು ಪಡಸಾಲೆಯಲ್ಲಿ ಮಲಗಿ ಕೇಳಿದೆ. ನನ್ನ ಹಾಗೆ ಉತ್ತರ ಸೇರಿಸಲಿಲ್ಲ, ಕೈ ಬೀಸಲಿಲ್ಲ. ನಿಲ್ಲಿಸಬೇಕಾದಲ್ಲಿ ನಿಲ್ಲಿಸಿದಳು. ಕಟ್ಟೆಯಲ್ಲಿ ಒಬ್ಬನೂ ಕೆಮ್ಮಲಿಲ್ಲ. ನನ್ನ ಓದಿಗೆ ಅವರು ಹೀಗೆ ಸುಮ್ಮನೆ ಕೂತಿದ್ದು ನನಗೆ ನೆನಪಿಲ್ಲ. ಹೊಟ್ಟೆಕಿಚ್ಚೂ ಆಯಿತು, ಹೆಮ್ಮೆಯೂ ಆಯಿತು. ಹೆಮ್ಮೆಯೇ ಜಾಸ್ತಿ.

ಗಾಯ ಮಾಯ್ದಿತು. ಒಬ್ಬನೇ ದವಾಖಾನೆಗೆ ಹೋದೆ. ಡಾಕ್ಟರರು ಬಾಯಿ ನೋಡಿ, "ಛಲೋ ಆಗೇತಿ. ಇನ್ನ ಮಾತಾಡ್ರಿ. ಚೀರಬ್ಯಾಡ್ರಿ, ಅಷ್ಟ" ಎಂದರು.

"ಆತ್ರಿ" ಎಂದೆ. ಯಾರದೋ ಧ್ವನಿಯಂತಿತ್ತು, ಆದರೆ ಇತ್ತು. ಕಣ್ಣಲ್ಲಿ ನೀರು ಬಂತು.

ದಾರಿಯಲ್ಲಿ ಯಾರ ಜೊತೆಗೂ ಮಾತಾಡಲಿಲ್ಲ. ಮೊದಲ ಮಾತು ಮನೆಯಲ್ಲೇ ಆಡಬೇಕು, ಹೆಂಡತಿಗೆ ಕೇಳಿಸುವಂತೆ ಆಡಬೇಕು ಎಂದು ಅದನ್ನು ಬಾಯಲ್ಲಿ ಸಕ್ಕರೆಯಂತೆ ಇಟ್ಟುಕೊಂಡು ನಡೆದೆ. ಮನೆ ಹತ್ತಿರ ಬಂದಾಗ ಒಳಗಿನಿಂದ ಅವ್ವನ ಮಾತು ಕೇಳಿತು. ಮತ್ತೆ ಬಂದಿದ್ದ ಅಕ್ಕನಿಗೆ ಹೇಳುತ್ತಿದ್ದಳು: "ಅವನ ಬಾಯಿ ಬರೂ ಮಟಾ ಇದೆಲ್ಲ. ಆಮ್ಯಾಲ ಇಕಿ ಒಳಗ, ಗಂಡಸರು ಹೊರಗ. ಮನಿತನ ಅಂದಮ್ಯಾಲ ರೀತಿ ಬಿಡಾಕ ಬರತೈತೇನು?" ಅವಳ ದನಿಯಲ್ಲಿ ಬೇಸರವಿತ್ತು. ಹೆಂಡತಿ ಅಲ್ಲೇ ಇದ್ದಳು. 

ನಾನು ಹೊಸ್ತಿಲ ಮೇಲೆ ನಿಂತೆ. ಮಾತಾಡಿದರೆ ನನ್ನ ಧ್ವನಿ ಬರುತ್ತದೆ, ಅವಳದು ಹೋಗುತ್ತದೆ. ಮತ್ತೆ ಬೆಲ್ಲದ ಕೋಣೆ, ಮತ್ತೆ ಪಿಸುಮಾತು. ಇಷ್ಟು ದಿನದಲ್ಲಿ ನಾನು ಅವಳನ್ನು ಮೆಚ್ಚಿಕೊಂಡುಬಿಟ್ಟಿದ್ದೆ. ಕಟ್ಟಿಕೊಂಡವಳನ್ನೇ ಮೆಚ್ಚಿಕೊಳ್ಳುವುದಕ್ಕೆ ಇಷ್ಟು ತಡವಾಗಿತ್ತು, ಈಗ ಅದನ್ನು ಬಿಟ್ಟುಕೊಡಲು ನಾನು ತಯಾರಿರಲಿಲ್ಲ. ಅವ್ವ ನನ್ನನ್ನು ನೋಡಿ, "ಏನಂದ್ರೋ ಡಾಕ್ಟರ?" ಎಂದಳು. ನಾನು ತಲೆಯಾಡಿಸಿ, ಬಾಯಿಯ ಮೇಲೆ ಬೆರಳಿಟ್ಟೆ. ಇನ್ನೂ ಇಲ್ಲ.

ಬಾಯಿದ್ದೂ ಮೂಗನಾಗಿರುವುದು ಎಂಥ ಕಷ್ಟ ಎಂದು ಆಗ ತಿಳಿಯಿತು. ತಕ್ಕಡಿಯ ಕಲ್ಲು ಕಾಲಿನ ಮೇಲೆ ಬಿತ್ತು, ಕುಣಿದೆನೇ ಹೊರತು ಸೊಲ್ಲೆತ್ತಲಿಲ್ಲ. ಒಬ್ಬ ಗಿರಾಕಿ ಕಟ್ಟೆಯ ಮೇಲೆ ಕೂತು ಏಕೀಕರಣದ ಬಗ್ಗೆ ಶುದ್ಧ ಸುಳ್ಳು ಸುದ್ದಿ ಹೇಳಿದ, ಅದನ್ನೂ ನುಂಗಿದೆ. ಕಾಲಿನ ನೋವಿಗಿಂತ ಅದೇ ಹೆಚ್ಚು ನೋವಾಯಿತು. ಮೇಲಾಗಿ ನಾನು ಸುಮ್ಮನಿರುವುದರಿಂದ ಅಂಗಡಿಯ ಕೆಲಸ ಜಲ್ದಿ ಆಗುತ್ತದೆಂದು ಗಿರಾಕಿಗಳು ಅಪ್ಪನನ್ನು ಹೊಗಳಿದರು.

ಅಪ್ಪ ಮಾತ್ರ ನಗಲಿಲ್ಲ. ದಿನ ಹೋದಂತೆ ಅವನು ನನ್ನ ಬಾಯಿಯನ್ನೇ ನೋಡಲು ಹತ್ತಿದ. ಅದನ್ನು ನಾನು ಕಂಡೂ ಕಾಣದಂತಿದ್ದೆ.

ಯುಗಾದಿ ಹತ್ತಿರ ಬಂದಿತ್ತು. ಒಂದು ಮಧ್ಯಾಹ್ನ ಊಟವಾದ ಮೇಲೆ ಅಂಗಡಿಯ ಹಲಗೆ ಹಾಕಿ ಎಲ್ಲರೂ ಪಡಸಾಲೆಯಲ್ಲಿದ್ದೆವು. ಹೆಂಡತಿ ಕಂಬಕ್ಕೆ ಒರಗಿ ಅಕ್ಕಿ ಆರಿಸುತ್ತ ಅವ್ವನಿಗೆ ತನ್ನ ಅಜ್ಜನ ಎಮ್ಮೆಯ ಕಥೆ ಹೇಳುತ್ತಿದ್ದಳು. ಅಜ್ಜ ಗದಗಿನ ಸಂತೆಯಲ್ಲಿ ಎಮ್ಮೆ ಕೊಂಡು ಶಿರಹಟ್ಟಿಯ ಮೇಲೆ ಹಾಯ್ದು ಶಿಗ್ಲಿಗೆ ಹೊಡೆದುಕೊಂಡು ಹೋಗಿದ್ದ. ಆಗ ಗದಗ ಇಂಗ್ರೇಜರದು, ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು, ಶಿಗ್ಲಿ, ಲಕ್ಷ್ಮೇಶ್ವರ ಮಿರಜ ಸಂಸ್ಥಾನದವು, ಗಡಿಗೊಂದು ಸುಂಕದ ನಾಕಾ. ಮರುದಿನವೇ ಎಮ್ಮೆ ಹಗ್ಗ ಹರಿದುಕೊಂಡು ತನ್ನ ಹಳೆಯ ಮನೆಯ ಕಡೆ ನಡೆಯಿತು.

"ಮುಂದ ಎಮ್ಮಿ, ಹಿಂದ ಅಜ್ಜ. ಎಮ್ಮಿಗೆ ಯಾವ ರಾಜನ ಖಬರ? ಶಿರಹಟ್ಟಿ ಹತ್ರ ನಾಕಾದಾಂವ ಅಜ್ಜನ್ನ ಹಿಡದು, 'ಎಮ್ಮಿ ಹಾಯ್ದ್ರ ಹಾಯಲಿ, ನೀ ಯಾವ ರಾಜ್ಯದಾಂವ ಹೇಳು' ಅಂದನಂತ. ಅಜ್ಜ ಏನಂದ ಗೊತ್ತೇನ್ರಿ ಅತ್ತಿ..."

ಅಷ್ಟರಲ್ಲಿ ಮುಂಡರಗಿಯ ಸೋದರತ್ತೆ ಗಂಟು ಹೊತ್ತುಕೊಂಡು ಒಳಗೆ ಬಂದಳು. ನನ್ನ ಕೈಯಲ್ಲಿ ಇನ್ನೂ ಪಾಟಿ ಇರುವುದನ್ನು ನೋಡಿ ಹಣೆ ಬಡಿದುಕೊಂಡಳು.

"ಅಯ್ಯ ನನ್ನ ಕೂಸ! ಇನ್ನೂ ಮಾತು ಬಂದಿಲ್ಲೇನು? ತಮ್ಮಾ, ನಾಲಗಿ ನರ ಹರದಿರಬೇಕು ನೋಡು. ಇನ್ನ ಮಾತು ಬರೂದ ಸುಳ್ಳು" ಎಂದು ಅಪ್ಪನಿಗೆ ಹೇಳಿದಳು.

ಅಪ್ಪ ಎದ್ದು ನಿಂತ. ಮುಖ ಬಿಳುಚಿಕೊಂಡಿತ್ತು. "ನನಗೂ ಹಂಗ ಅನಸ್ತಿತ್ತಕ್ಕಾ. ಮನ್ಯಾಗ ಯಾರರೆ ಹೆದರ್ಯಾರಂತ ಬಾಯಿ ಬಿಟ್ಟಿದ್ದಿಲ್ಲ" ಎಂದ.  "ನಾಳಿ ಗಾಡಿಗೆ ಇವನ್ನ ಮಿರಜಿಗೆ ಕರಕೊಂಡು ಹೋಗ್ತೀನಿ. ಅಲ್ಲಿ ದೊಡ್ಡ ಡಾಕ್ಟರ ಅದಾರ. ಅಂಗಡಿ ಮುಚ್ಚಿದ್ರ ಮುಚ್ಚಲಿ." ನನ್ನ ಕಡೆ ತ್ರಾಸಿನಿಂದ ನೋಡಿ ಅಂಗಡಿಯೊಳಗೆ ಹೋಗಿ ಕತ್ತಲಲ್ಲಿ ಕೂತ.

ಪಾಟಿ ಕೆಳಗಿಟ್ಟು ಎದ್ದೆ. ಹೆಂಡತಿ ಹಿತ್ತಲಿಗೆ ನೀರು ಸೇದಲು ಹೋಗಿದ್ದಳು. ಬೆನ್ನು ಹತ್ತಿ ಹೋದೆ.

"ನನಗ ಮಾತು ಬರ್ತಾವು" ಎಂದೆ.

ಅವಳು ಹಗ್ಗ ಬಿಡಲಿಲ್ಲ, ತಿರುಗಿಯೂ ನೋಡಲಿಲ್ಲ. "ಗೊತ್ತೈತಿ. ದಿನಾ ಮಧ್ಯಾಹ್ನ ನಿದ್ದಿಯೊಳಗ ಬೆಲ್ಲದ ಧಾರಣಿ ಹೇಳ್ತೀರಿ."

"ಮತ್ತ ಯಾಕ ಸುಮ್ಮನಿದ್ದಿ?"

"ನೀವ್ಯಾಕ ಸುಮ್ಮನಿದ್ರಿ?" ಕೊಡ ಬಾವಿಕಟ್ಟೆಯ ಮೇಲಿಟ್ಟು ಈಗ ತಿರುಗಿದಳು. ಕಣ್ಣು ತುಂಬಿದ್ದವು. "ಅದನ್ನ ಮೊದಲ ಕೇಳಿಸಿಕೊಂಡದ್ದು ಅತ್ತಿಯವರು. 'ಅವಗ ಹೇಳಬ್ಯಾಡ ತಂಗಿ, ಇನ್ನಷ್ಟು ದಿನ ನಡೀಲಿ, ನನಗಂತೂ ಈ ಭಾಗ್ಯ ಬರಲಿಲ್ಲ' ಅಂದ್ರು. ಮಾವ ಹಿಂಗ ಹೆದರ್ಯಾರಂತ ಇಬ್ಬರಿಗೂ ತಿಳೀಲಿಲ್ಲ. ಸಾಕಿನ್ನ. ಹೋಗಿ ಹೇಳ್ರಿ ಅವರಿಗೆ."

ಅಷ್ಟು ಮಾತನ್ನು ಹಗಲು ಬೆಳಕಿನಲ್ಲಿ, ಎದುರಾಬದುರಾ ನಿಂತು, ಅವಳು ನನಗೆ ಹೇಳಿದ್ದು ಅದೇ ಮೊದಲು. ಅದೇ ಕಡೆಯದೂ ಆಗುತ್ತದೆಂದುಕೊಂಡು ಒಳಗೆ ಹೋದೆ. ಅವಳು ಕೊಡ ಹೊತ್ತು ನನ್ನ ಹಿಂದೆ ಬಂದಳು.

ಅಂಗಡಿಯ ಬಾಗಿಲಲ್ಲಿ ನಿಂತು, "ಅಪ್ಪಾ" ಎಂದೆ.

ಅಪ್ಪ ಕತ್ತಲಿನಿಂದ ಎದ್ದು ಬಂದ. ಪಡಸಾಲೆಯ ಬೆಳಕಿನಲ್ಲಿ ನನ್ನ ಗದ್ದ ಹಿಡಿದು, "ಇನ್ನೊಮ್ಮೆ ಅನ್ನು" ಎಂದ. ಅಂದೆ.  ಸೋದರತ್ತೆ ದೇವರಿಗೆ ಕೈ ಮುಗಿದಳು. ನಾನು ಸುಮ್ಮನಿದ್ದರೆ ಅದು ಪವಾಡವಾಗಿ ಉಳಿಯುತ್ತಿತ್ತು. ಆದರೆ ಅವನ ಕಣ್ಣು ನೋಡಿ ಸುಳ್ಳು ಹೇಳಲು ಆಗಲಿಲ್ಲ. ಮಾತು ಬಂದು ಬಹಳ ದಿನವಾಯಿತೆಂದು ಹೇಳಿದೆ.

ಅಪ್ಪ ಕೈ ತೆಗೆದ. "ಬರ್ತಿತ್ತಂದ್ರ ಯಾಕ ಸುಮ್ಮನ ಕುಂತಿ? ನಾ ಇಲ್ಲಿ ದಿನಾ ಸಾಯಾಕ ಹತ್ತೀನಿ!" ಎಂದು ಗುಡುಗಿದ.

 ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

"ನನ್ನ ಮಾತು ಬಂದ್ರ ಆಕಿ ಮಾತು ನಿಲ್ತಿತ್ತಪಾ" ಎಂದೆ.

 ಅಪ್ಪ ನನ್ನನ್ನು ನೋಡಿದ. ಆಮೇಲೆ ಬಹಳ ಹೊತ್ತು ಅವ್ವನನ್ನು ನೋಡಿದ. ಅವನು ಅವ್ವನನ್ನು ಹಾಗೆ ನೋಡಿದ್ದನ್ನು ನಾನು ಕಂಡಿರಲಿಲ್ಲ. ಹೆಂಡತಿ ಕೊಡ ಇಳಿಸಿ, ಸೆರಗು ಸರಿಮಾಡಿಕೊಂಡು, ಗೋಡೆಯ ಮಗ್ಗುಲಿಗೆ ಅಡುಗೆಮನೆಯ ಕಡೆ ಸರಿಯುತ್ತಿದ್ದಳು.

"ಎಲ್ಲಿ ಹೊಂಟಿ?" ಎಂದ ಅಪ್ಪ.

ಅವಳು ನಿಂತಳು.

"ಇವನ ಮಾತು ಹುಟ್ಟಿದಾಗಿಂದ ಕೇಳೀನಿ, ಮುಂದೂ ಕೇಳೂದ ಐತಿ. ನೀ ಕುಂಡ್ರು ಬಾ ಯವ್ವಾ." ಅಪ್ಪ ಕಂಬದ ಎದುರಿಗೆ ಕೂತು, ರುಮಾಲು ತೆಗೆದು ಪಕ್ಕಕ್ಕಿಟ್ಟು, ಕಣ್ಣೊರೆಸಿಕೊಂಡ. "ಆ ನಾಕಾದಾಂವಗ ನಿಮ್ಮಜ್ಜ ಏನಂದ, ಹೇಳು."